ಜೀರ್ಣಬ್ಯಾಟರಿ ಮೀಮಾಂಸೆ

ಮಲೆನಾಡಿನ ಮನೆಗಳಲ್ಲಿ ಉಪ್ಪರಿಗೆ ಮೆಟ್ಟಿಲ ಕೆಳಗೆ, ಮರದ ಹಲಗೆಯ ಮೇಲೆ, ವರ್ಷಗಟ್ಟಲೆ ಮೌನವ್ರತ ಹಿಡಿದು ಕೂತಿರುವ ಸೀಸ-ಆಮ್ಲ ಬ್ಯಾಟರಿಯ ಬಗ್ಗೆ ಇಂದಿನವರೆಗೂ ಗಂಭೀರವಾದ ಶಾಸ್ತ್ರಚಿಂತನೆ ನಡೆಯದಿರುವುದು ವಿದ್ವಲ್ಲೋಕಕ್ಕೆ ಶೋಭೆಯಲ್ಲ. ಯಕ್ಷಗಾನದ ತಿಟ್ಟುಗಳ ಮೇಲೆ ವಿಚಾರಸಂಕಿರಣಗಳಾಗಿವೆ, ಅಡಿಕೆಯ ಕೊಳೆರೋಗದ ಮೇಲೂ ಆಗಿವೆ. ಬ್ಯಾಟರಿಗೆ ನೀರು ಹಾಕುವ ವಿಧಿ ಮಾತ್ರ ಊಟವಾದ ಮೇಲೆ ಜಗಲಿಯಲ್ಲಿ ಭಾವಂದಿರ ನಡುವೆ ಚರ್ಚೆಗೆ ಬಂದು, ಕವಳದ ತಟ್ಟೆ ಖಾಲಿಯಾಗುವುದರೊಳಗೆ ತೀರ್ಮಾನವಿಲ್ಲದೆ ಮುಗಿಯುತ್ತದೆ. ಈ ಕೊರತೆಯನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಪ್ರಯೋಜನ.

ಮೊದಲಿಗೆ ಪೂರ್ವಪಕ್ಷ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ನೀರಿನಿಂದ ಶರಾವತಿ ವಿದ್ಯುದಾಗಾರ 1,035 ಮೆಗಾವಾಟ್ ಉತ್ಪಾದಿಸಬಲ್ಲದು. ಹೊಸನಗರ ಸೀಮೆಯ ಮಾಣಿ ಜಲಾಶಯದ ನೀರು ಘಟ್ಟ ಇಳಿದು ವಾರಾಹಿಯಲ್ಲಿ ಇನ್ನೂ 460 ಮೆಗಾವಾಟ್ ಕೊಡಬಲ್ಲದು. ಇಷ್ಟು ಕರೆಂಟು ಹುಟ್ಟುವ ನೆಲದಲ್ಲಿ ಬ್ಯಾಟರಿ ಏಕೆ? ಸಿದ್ಧಾಂತ ಹೀಗೆ: ಕರೆಂಟು ಹುಟ್ಟುವುದಕ್ಕೂ ಸಿಗುವುದಕ್ಕೂ ಕಾರ್ಯಕಾರಣ ಸಂಬಂಧವಿಲ್ಲ. ದೊಡ್ಡ ಲೈನು ತೋಟದ ನೆತ್ತಿಯ ಮೇಲೆ ಗುಂಯ್‌ಗುಡುತ್ತ ಬೆಂಗಳೂರಿನ ಕಡೆ ಹೋಗುತ್ತದೆ. ಸಣ್ಣ ಲೈನು ಒಂಟಿಮನೆಯವರೆಗೆ ಬಂದೇ ಇರುವುದಿಲ್ಲ, ಬಂದಿದ್ದರೆ ಆಷಾಢದಲ್ಲಿ ಅದರ ಮೇಲೊಂದು ಮರ ಮಲಗಿರುತ್ತದೆ. ಮುಳುಗಡೆಯಾಗಿ ಎದ್ದುಹೋದವರ ಮಕ್ಕಳು ಸೋಲಾರ್ ದೀಪದಲ್ಲಿ ಓದಿದ್ದನ್ನು ಈ ಪ್ರಬಂಧ ಉಲ್ಲೇಖಿಸುತ್ತದೆಯೇ ಹೊರತು ವ್ಯಾಖ್ಯಾನಿಸುವುದಿಲ್ಲ.

ಈ ದರ್ಶನದ ಮೂಲಪುರುಷ ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ. ಎರಡು ಸೀಸದ ಹಾಳೆಗಳನ್ನು ಸುರುಳಿ ಸುತ್ತಿ ಗಂಧಕಾಮ್ಲದಲ್ಲಿ ಮುಳುಗಿಸಿ 1859ರಲ್ಲಿ ಸೂತ್ರ ರಚಿಸಿದ. 1881ರಲ್ಲಿ ಕಮಿಲ್ ಫೋರ್ ಸೀಸದ ಹಾಳೆಗೆ ಪೇಸ್ಟು ಮೆತ್ತಿ ಭಾಷ್ಯ ಬರೆದ. ಇಬ್ಬರೂ ಆಗುಂಬೆಯ ಮಳೆ ಕಂಡವರಲ್ಲವಾದ್ದರಿಂದ ಮುಂದಿನ ಟೀಕೆಯನ್ನು ನಮ್ಮವರೇ ಬರೆಯಬೇಕಾಯಿತು.

ಟೀಕಾಕಾರರಲ್ಲಿ ಆಸಿಡ್‌ವಾದಿಗಳೆಂಬ ಪಂಥವೊಂದುಂಟು. ದೀಪ ಮಂಕಾಯಿತೆ? ಆಸಿಡ್ಡಿನ ಖಾರ ಕಡಿಮೆಯಾಗಿದೆ, ಹೊಸದು ಸುರಿ ಎನ್ನುತ್ತಾರೆ. ಸುರಿದ ದಿನ ಹೈಡ್ರೋಮೀಟರು ಎದ್ದು ನಿಲ್ಲುತ್ತದೆ, ಗ್ರಾವಿಟಿ 1.240 ದಾಟುತ್ತದೆ, ಪಂಥದ ಕೀರ್ತಿ ಹಬ್ಬುತ್ತದೆ; ಮುಂದೆ ಪ್ಲೇಟು ತಿಂದುಹೋಗುತ್ತದೆ. ಆಸಿಡ್ ಎಲ್ಲಿಗೂ ಹೋಗಿರುವುದಿಲ್ಲ. ಬ್ಯಾಟರಿ ಖಾಲಿಯಾದಂತೆ ಅದು ಸೀಸದ ಸಲ್ಫೇಟಾಗಿ ಪ್ಲೇಟಿಗೆ ಅಂಟಿರುತ್ತದೆ. ಪೂರ್ತಿ ಚಾರ್ಜ್ ಮಾಡಿದರೆ ತಾನೇ ಇಳಿದು ಬರುತ್ತದೆ. ಆವಿಯಾಗಿ, ಅನಿಲವಾಗಿ ಹೋಗುವುದು ನೀರೊಂದೇ, ಹಾಕಬೇಕಾದದ್ದೂ ನೀರೊಂದೇ.

ಯಾವ ನೀರು ಎಂಬಲ್ಲಿ ಶಾಸ್ತ್ರ ತೊಡಕಾಗುತ್ತದೆ. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆಯ ಸುತ್ತಲಿನ ಗೃಹಸ್ಥ ತೀರ್ಥಹಳ್ಳಿಗೆ ಬಸ್ಸು ಹತ್ತಿ, ಐದು ಲೀಟರ್ ಡಿಸ್ಟಿಲ್ಡ್ ವಾಟರ್ ಕ್ಯಾನು ಹಿಡಿದು, ಮಳೆಯಲ್ಲಿ ನೆನೆಯುತ್ತ ಮನೆಗೆ ಬರುತ್ತಾನೆ. ನಗುವವರು ನಗಲಿ, ಅವನದೇ ಸರಿ. ಜಂಬಿಟ್ಟಿಗೆ ನೆಲದ ಬಾವಿ ನೀರಿನಲ್ಲಿ ಕಬ್ಬಿಣದ ಅಂಶವಿರಬಹುದು, ಹೆಂಚಿನಿಂದ ಇಳಿದ ನೀರಿನಲ್ಲಿ ಹಾವಸೆಯಿಂದ ಹಿಡಿದು ಬೆಕ್ಕಿನ ಹೆಜ್ಜೆಯವರೆಗೆ ಸಕಲವೂ ಇರುತ್ತದೆ. ಕಬ್ಬಿಣ ಸೇರಿದ ಬ್ಯಾಟರಿ ಯಾರೂ ಬಳಸದಿದ್ದರೂ ತನ್ನಷ್ಟಕ್ಕೆ ತಾನೇ ಖಾಲಿಯಾಗುತ್ತದೆ.

ಯಾವಾಗ ಎಂಬುದು ಮುಂದಿನ ಪ್ರಶ್ನೆ. ಚಾರ್ಜ್ ಆಗುವಾಗ ಒಳಗಿನ ದ್ರವದ ಮಟ್ಟ ಏರುವುದರಿಂದ ನೀರನ್ನು ಚಾರ್ಜ್ ಮುಗಿದ ಮೇಲೆ ಹಾಕಬೇಕು. ಪ್ಲೇಟು ಕಾಣುವಷ್ಟು ಒಣಗಿದ್ದರೆ ಮಾತ್ರ ಮೊದಲೇ, ಅದು ಮುಚ್ಚುವಷ್ಟು. ಬೆಳಿಗ್ಗೆ ಕಂಠಮಟ್ಟ ತುಂಬಿಸಿದ ಉತ್ಸಾಹಿಯ ಮನೆಯಲ್ಲಿ ಮಧ್ಯಾಹ್ನ ಆಸಿಡ್ ಉಕ್ಕಿ ಹಲಗೆಗೆ, ಹಲಗೆಯಿಂದ ಅವನ ಪಂಚೆಗೆ ಇಳಿಯುತ್ತದೆ. ತೂತು ಅಂದೇ ಕಾಣುವುದಿಲ್ಲ, ಒಗೆದ ಮೇಲೆ ಕಾಣುತ್ತದೆ. ಆದ್ದರಿಂದ ಅಪರಾಧ ಬಟ್ಟೆಸೋಪಿನ ಮೇಲೆ ಬರುವುದು ಪರಂಪರೆ.

ಇನ್ನು ಶಾಸನವಿಚಾರ. ಹುಂಚದ ಸಾಂತರರು, ಕೆಳದಿ-ಇಕ್ಕೇರಿಯ ನಾಯಕರು ಕೊಟ್ಟಿದ್ದನ್ನೆಲ್ಲ ಕಲ್ಲಿನಲ್ಲಿ ಕೊರೆಸಿದ ಸೀಮೆ ಇದು. ಬ್ಯಾಟರಿ ಕೊಂಡ ತಾರೀಖನ್ನು ಮಾತ್ರ ಯಾವ ಯಜಮಾನನೂ ಎಲ್ಲಿಯೂ ಬರೆಸಿದ್ದಿಲ್ಲ. ವಾರಂಟಿ ಕಾರ್ಡು ಜಿರಳೆಯ ಪಾಲಾಗಿರುತ್ತದೆ. ಕಾಲನಿರ್ಣಯಕ್ಕೆ ಉಳಿದಿರುವುದು ಮೌಖಿಕ ಆಧಾರ: “ದೊಡ್ಡ ಮಗಳ ಮದುವೆ ವರ್ಷ ತಂದಿದ್ದು, ಭಾವ. ಇನ್ನೂ ಎಷ್ಟು ಗಟ್ಟಿ ಇದೆ ಅಂದ್ರೆ, ಬೆಳಿಗ್ಗೆ ಒಂಬತ್ತಕ್ಕೇ ಫುಲ್ ಆಗ್ತದೆ!”

ಈ ಕೊನೆಯ ವಾಕ್ಯ ಪ್ರಬಂಧದ ಹೃದಯಸ್ಥಾನ. ಬೇಗ ತುಂಬುವುದು ಯೌವನದ ಲಕ್ಷಣವೆಂದು ಇಡೀ ಸೀಮೆ ನಂಬಿದೆ. ನಿಜವಾಗಿ ಪ್ಲೇಟಿನ ಬಹುಭಾಗ ಗಟ್ಟಿ ಸಲ್ಫೇಟಾಗಿ ಕುಳಿತು, ಕೆಲಸಕ್ಕೆ ಉಳಿದದ್ದು ಕಾಲುಭಾಗವಾದಾಗ, ಆ ಕಾಲುಭಾಗ ಒಂಬತ್ತಕ್ಕೆ ತುಂಬಿ ಹಸಿರು ದೀಪ ಹೊತ್ತಿಸುತ್ತದೆ. ಸಂಜೆ ಮಿಕ್ಸಿ ಹಾಕಿದ ಕ್ಷಣ 12.6 ವೋಲ್ಟು 11ಕ್ಕೆ ಬೀಳುತ್ತದೆ, ಚಟ್ನಿ ಅರ್ಧಕ್ಕೆ ನಿಲ್ಲುತ್ತದೆ. ದೋಷ ಮಿಕ್ಸಿಯದೆಂದು ಮಿಕ್ಸಿಯನ್ನು ರಿಪೇರಿಗೆ ಒಯ್ದ ಪ್ರಸಂಗಗಳೂ ಉಂಟು.

ಸಲ್ಫೇಟು ಗಟ್ಟಿಯಾಗುವ ಕಾಲ ನಮ್ಮ ಮಳೆಗಾಲವೇ. ವಾರಗಟ್ಟಲೆ ಬಿಸಿಲಿಲ್ಲ, ಅರ್ಧ ಹಸಿವಿನಲ್ಲೇ ಬ್ಯಾಟರಿ ದುಡಿಯುತ್ತದೆ, ಧಾರಾವಾಹಿ ಮಾತ್ರ ನಿಲ್ಲುವುದಿಲ್ಲ. ಗುಡ್ಡದ ಹಳ್ಳಕ್ಕೆ ಪೈಪು ಹಾಕಿ ಸಣ್ಣ ಟರ್ಬೈನು ಕೂರಿಸಿದವರು ಈ ಋತುವಿನಲ್ಲಿ ಶ್ರೀಮಂತರು. ಮಿಕ್ಕ ಕರೆಂಟಿನಲ್ಲಿ ಸ್ನಾನದ ನೀರು ಕಾಯಿಸುತ್ತಾರೆ. ಆ ಕರೆಂಟಿನಲ್ಲಿ ಒಂದಿಷ್ಟನ್ನು ಚಾರ್ಜರ್ ಮೂಲಕ ಬ್ಯಾಟರಿಗೂ ಕೊಟ್ಟು, ಆಗಾಗ ಪೂರ್ತಿ ತುಂಬಿಸುವವನ ಬ್ಯಾಟರಿ ಉಳಿದವರದಕ್ಕಿಂತ ಹೆಚ್ಚು ಬಾಳುತ್ತದೆ. ಟರ್ಬೈನಿಲ್ಲದವರು ಅರ್ಧ ಖಾಲಿಯಾದಾಗಲೇ ಟಿವಿ ಆರಿಸಬೇಕು. ಇದು ಶಾಸ್ತ್ರಸಮ್ಮತ, ಗೃಹಸಮ್ಮತವಲ್ಲ.

ಟರ್ಮಿನಲ್ಲಿನ ಹಸಿರು-ಬಿಳಿ ಹಿಟ್ಟಿನ ಬಗ್ಗೆ ಹೆಚ್ಚು ಬೇಡ: ಮುಚ್ಚಳ ಭದ್ರಮಾಡಿ, ಅಡುಗೆಸೋಡ ಕಲಸಿದ ಬಿಸಿನೀರಿನಲ್ಲಿ ತೊಳೆದು, ಒರೆಸಿ, ವ್ಯಾಸಲಿನ್ ಹಚ್ಚುವುದು. ಹಿಮ್ಮಡಿ ಒಡಕಿಗೆ ಇಟ್ಟ ಮುರುಗಲು ತುಪ್ಪ ಹಚ್ಚುವ ಪಾಠಾಂತರವೂ ಇದೆ. ಆದರೆ ಬ್ಯಾಟರಿಯನ್ನು ಗೌರವದಿಂದ ದೇವರಕೋಣೆಯ ಪಕ್ಕ ಇಡುವ ಸಂಪ್ರದಾಯವನ್ನು ಮಾತ್ರ ಈ ಪ್ರಬಂಧ ತಮಾಷೆ ಬಿಟ್ಟು ಖಂಡಿಸುತ್ತದೆ. ಚಾರ್ಜಿನ ಕೊನೆಗೆ ಜಲಜನಕ ಹೊರಬರುತ್ತದೆ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲಾದರೆ ನಂದಾದೀಪದ ಕಿಡಿ ಸಾಕು.

ಹಳೆಯದೊಂದರ ಜೊತೆ ಹೊಸದೊಂದನ್ನು ಸಾಲಾಗಿ ಜೋಡಿಸುವುದು, ನಿತ್ರಾಣ ಎತ್ತಿನ ನೊಗಕ್ಕೆ ಹೋರಿ ಕಟ್ಟಿದಂತೆ. ಒಂದು ಸೆಲ್ಲು ಹೋದರೆ ಮಂತ್ರವಿಲ್ಲ. ಆರೂ ಸೆಲ್ಲಿನ ಗ್ರಾವಿಟಿ ನೋಡಿ, ಐದು ಸರಿಯಿದ್ದು ಒಂದು ಮಾತ್ರ ದಿನವಿಡೀ ಚಾರ್ಜಿಗೂ ಏಳದಿದ್ದರೆ, ಬ್ಯಾಟರಿ ಮುಗಿಯಿತು.

ಮುಗಿದದ್ದಕ್ಕೂ ಬೆಲೆಯಿದೆ, ತೂಕದ ಲೆಕ್ಕದಲ್ಲಿ. ಗುಜರಿಯವನು ಆಸಿಡ್ ಚೆಲ್ಲಿಕೊಡಿ ಎಂದರೆ ಒಪ್ಪಬೇಡಿ; ಅದು ಹಳ್ಳಕ್ಕೆ, ಹಳ್ಳದಿಂದ ನಿಮ್ಮದೇ ಕೆರೆಗೆ ಬರುತ್ತದೆ, ಜೊತೆಗೆ ಸೀಸವೂ. ಹೊಸದು ಕೊಳ್ಳುವ ಅಂಗಡಿಗೇ ಹಳೆಯದನ್ನು ಆಸಿಡ್ ಸಮೇತ ಕೊಟ್ಟು, ರೇಟಿನಲ್ಲಿ ಕಳೆಸಿಕೊಳ್ಳಿ.