ಸೋಪು ಹಚ್ಚಿದ ಮೇಲೆ

ಮಂಡ್ಯದ ಒಂದು ಕಟಿಂಗ್ ಶಾಪು. ಕನ್ನಡಿಯ ಈ ಬದಿಗೆ ಅಣ್ಣಾವ್ರು, ಆ ಬದಿಗೆ ಅಂಬರೀಶ್. ನಡುವೆ ನೊರೆ ಮೆತ್ತಿಕೊಂಡ ಮೇಷ್ಟ್ರ ಮುಖ.

"ಸಿನಿಮಾದೋರಿಗೆ ರಾಜಕೀಯ ಯಾಕಯ್ಯಾ? ಬಣ್ಣ ಹಚ್ಕೊಂಡು ಸುಮ್ಕಿರಬಾರ್ದಾ?"

"ಹಂಗಂದ್ರೆ ಹೆಂಗೆ ಸಾ? 1982ರಲ್ಲಿ ಅಣ್ಣಾವ್ರು ಬಂದ್ಮೇಲಲ್ವಾ ಗೋಕಾಕ್ ಚಳವಳಿಗೆ ಜನ ನುಗ್ಗಿದ್ದು?"

"ಅದು ಭಾಷೆ ವಿಚಾರ. ರಾಜಕೀಯ ಮಾತಾಡೋರು ಎಲೆಕ್ಷನ್ನಿಗೆ ನಿಂತು ತೋರಿಸ್ಬೇಕು."

"ಪ್ರಕಾಶ್ ರಾಜ್ 2019ರಲ್ಲಿ ಬೆಂಗಳೂರು ಸೆಂಟ್ರಲ್‌ನಲ್ಲಿ ನಿಂತ್ರಲ್ಲಾ."

"ಠೇವಣಿ ಹೋಯ್ತು! ಇನ್ನೆಂಥಾ ಮಾತು?"

"ಅದೇ ವರ್ಷ ಸುಮಲತಾ ಇಲ್ಲೇ ಪಕ್ಷೇತರವಾಗಿ ಗೆದ್ರು."

"ಅದು ಅನುಕಂಪ."

"ಸರಿ ಬುಡಿ. ನಿಲ್ದಿದ್ರೆ ಮಾತಾಡಂಗಿಲ್ಲ, ಸೋತ್ರೆ ಲೆಕ್ಕಕ್ಕಿಲ್ಲ, ಗೆದ್ರೆ ಅನುಕಂಪ. 'ಮುಖ್ಯಮಂತ್ರಿ' ನಾಟಕ ಆಡಿದ ಚಂದ್ರು 1985ರಲ್ಲಿ ಗೌರಿಬಿದನೂರಲ್ಲಿ ಎಮ್ಮೆಲ್ಲೆನೇ ಆದ್ರಲ್ಲಾ, ಅದೇನು?"

"ನಾಟಕ ಚೆನ್ನಾಗಿತ್ತಯ್ಯಾ!"

ಕತ್ತಿ ಗಂಟಲ ಗುಳ್ಳೆಯ ಹತ್ತಿರ ಬಂದು ನಿಂತಿತು. ಇಂಥ ಹೊತ್ತಿನಲ್ಲಿ ಯಾರೇ ಆಗಲಿ ವಾಕ್ ಸ್ವಾತಂತ್ರ್ಯದ ಪರ ವಾಲುತ್ತಾರೆ.

"ಮಾತಾಡ್ಲಿ ಬಿಡು," ಎಂದರು ಮೇಷ್ಟ್ರು ತುಟಿಯಲ್ಲಾಡಿಸದೆ. "ಪೆಟ್ರೋಲ್ ರೇಟು ಏರಿದ್ರೆ ನೀನೂ ನಾನೂ ಮಾತಾಡಲ್ವಾ? ಆದ್ರೆ ಓಟು ಮಾತ್ರ ನಮ್ಮ ಬುದ್ಧಿಯಿಂದ ಹಾಕ್ಬೇಕು."

"2019ರಲ್ಲಿ ಯಾರಿಗೆ ಹಾಕಿದ್ರಿ ಸಾ?"

"ಸುಮಲತಾಗೆ."

"ಬುದ್ಧಿಯಿಂದ್ಲಾ?"

"ಜೋಡೆತ್ತು ಅಂತ ಯಶ್ಶು, ದರ್ಶನ್ನು ನಮ್ಮ ಬೀದಿಗೇ ಬಂದಿದ್ರಲ್ಲಯ್ಯಾ! ಮೊಮ್ಮಗಳಿಗೆ ಕಾಣ್ಲಿಲ್ಲ ಅಂತ ಹೆಗಲ ಮೇಲೆ ಕೂರಿಸ್ಕೊಂಡಿದ್ದೆ... ಲೇ, ಮೀಸೆ ಹುಷಾರು!"