ಮತ್ತೆ ಕೋಥರೂಡಿಗೆ

ಪುಣೆಯ ಕೋಥರೂಡಿಗೆ ಮೊದಲ ಸಲ ಹೋದವರು ದಾರಿ ಕೇಳುತ್ತಾರೆ. ಮತ್ತೆ ಹೋದವರು ರಿಕ್ಷಾದವನಿಗೇ ದಾರಿ ಹೇಳುತ್ತಾರೆ, ತೊಂದರೆ ಅಲ್ಲೇ ಶುರು. "ಚಾಂದನಿ ಚೌಕದ ಹಳೇ ಸೇತುವೆ ಹತ್ರ ನಿಲ್ಲಿಸಪ್ಪಾ" ಎಂದರೆ ಅವನು ನಗುತ್ತಾನೆ. ಆ ಸೇತುವೆಯನ್ನು 2022ರ ಅಕ್ಟೋಬರಿನಲ್ಲೇ ಮದ್ದಿಟ್ಟು ಉಡಾಯಿಸಿಯಾಗಿದೆ. ಅದೇ ವರ್ಷ ಮಾರ್ಚಿನಲ್ಲಿ ಇಲ್ಲಿನ ವನಾಜ್‌ನಿಂದ ನೆತ್ತಿಯ ಮೇಲಿನ ಮೆಟ್ರೋ ಶುರುವಾಯಿತು, ಪೌಡ ರಸ್ತೆಗೆ ಪುಕ್ಕಟೆ ನೆರಳು ಸಿಕ್ಕಿತು.

ಬದಲಾಗದ್ದು ಸ್ಕೂಟರು. ವಿಯೆಟ್ನಾಮಿನ ಹನೋಯಿಯಲ್ಲಿ ಸ್ಕೂಟರುಗಳ ನಡುವೆ ರಸ್ತೆ ದಾಟಿದ ಪರಾಕ್ರಮವನ್ನು ನೆಂಟರೊಬ್ಬರು ಬಣ್ಣಿಸುತ್ತಿದ್ದಾಗ, ನಮ್ಮ ಕೋಥರೂಡಿನ ಅತ್ತಿಗೆ ಕೊತ್ತಂಬರಿ ಸೋಸುತ್ತಲೇ "ಅಷ್ಟೇ ಏನ್ರೀ?" ಅಂದರು. ಇಲ್ಲೂ ಸೂತ್ರ ಅದೇ: ಓಡಬಾರದು, ನಿಲ್ಲಬಾರದು, ಹಿಂದೆ ಸರಿಯಲಂತೂ ಬಾರದು. ಕರ್ವೆ ಪುತಳಾ ಅನ್ನುವ ಚೌಕದ ಬಳಿ ಅತ್ತಿಗೆ ಅಂಗೈ ಅಡ್ಡ ಹಿಡಿದು ಹೊರಟರೆ ಗಾಡಿಗಳೇ ಸುತ್ತು ಹಾಕುತ್ತವೆ.

ಒಂದು ಗಾಡಿ ಮಾತ್ರ ಗಕ್ಕನೆ ನಿಂತಿತು. ಸವಾರಳ ಮುಖಕ್ಕೆಲ್ಲ ಓಢಣಿ, ಮೇಲೆ ಕಪ್ಪು ಕನ್ನಡಕ, ಮೊಣಕೈತನಕ ಗ್ಲೌಸು. "ಕಾಕಾ, ಯಾವಾಗ ಬಂದ್ರಿ?" ಅಂದಿತು ಓಢಣಿ. ಅತ್ತಿಗೆಯ ಮಗಳೇ!

ಕೋಥರೂಡಿನ ನೆಂಟರನ್ನು ಗುರುತಿಸಬೇಕಿದ್ದರೆ ಮುಖ ನಂಬಬೇಡಿ, ಗಾಡಿ ನಂಬರ್ ಬರೆದಿಟ್ಟುಕೊಳ್ಳಿ.