ಆಂಪ್ಲಿಫೈಯರಿನ ಪಾಲುಪಾರೀಖತ್ತು

ಬೆಂಗಳೂರಿನ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಕೂತು ಸಂಗೀತ ಕೇಳಬೇಕೆಂದು ಆಸೆಪಟ್ಟವರು ಮೊದಲು ಒಂದು ಮಾತು ತಿಳಿದಿರಬೇಕು. ಇಂಟಿಗ್ರೇಟೆಡ್ ಆಂಪ್ಲಿಫೈಯರ್ ಇಟ್ಟುಕೊಳ್ಳುವುದು ರಸಿಕರ ಲಕ್ಷಣವಲ್ಲ. ಒಂದೇ ಪೆಟ್ಟಿಗೆ, ಒಂದೇ ವೈರು, ಒಂದೇ ಸ್ವಿಚ್ಚು. ಒತ್ತಿದರೆ ಹಾಡುತ್ತದೆ. ಇಷ್ಟು ಸಲೀಸಾಗಿ ಹಾಡಿಬಿಡುವ ಯಂತ್ರದ ಬಗ್ಗೆ ಮನೆಗೆ ಬಂದವರ ಮುಂದೆ ಅರ್ಧ ಗಂಟೆ ಮಾತಾಡುವುದಾದರೂ ಹೇಗೆ?

ಆದ್ದರಿಂದ ಬಲ್ಲವರು ಪಾಲು ಮಾಡಿಸುತ್ತಾರೆ. ಕೂಡುಕುಟುಂಬದ ಅಣ್ಣತಮ್ಮಂದಿರ ಹಾಗೆ, ಒಂದೇ ಟ್ರಾನ್ಸ್‌ಫಾರ್ಮರಿನ ಕರೆಂಟು ಹಂಚಿಕೊಂಡರೆ ಸಿಗ್ನಲ್ ಸಿದ್ಧಮಾಡುವ ಪ್ರೀಆಂಪಿಗೂ ಸ್ಪೀಕರಿಗೆ ಶಕ್ತಿ ಕೊಡುವ ಪವರ್ ಆಂಪಿಗೂ ಮನಸ್ತಾಪವಂತೆ. ಮೊದಲು ಅವೆರಡನ್ನು ಬೇರೆ ಇರಿಸಬೇಕು. ಆಮೇಲೆ ನೋಡಿದರೆ ಪವರ್ ಆಂಪಿನೊಳಗೆ ಎಡ ಚಾನೆಲ್ಲಿನವನಿಗೂ ಬಲ ಚಾನೆಲ್ಲಿನವನಿಗೂ ಆಗಿಬರುವುದಿಲ್ಲ. ಇಬ್ಬರಿಗೂ ಒಂದೊಂದು ಮನೆ ಕಟ್ಟಿಸಿ ಮೋನೊಬ್ಲಾಕ್ ಎಂದು ಹೆಸರಿಡಬೇಕು. ರೆಕಾರ್ಡ್ ಪ್ಲೇಯರಿನ ಸಿಗ್ನಲ್ ಏರಿಸುವ ಫೋನೊ ಸ್ಟೇಜು ಮುನಿಸಿಕೊಂಡರೆ ಅದಕ್ಕೂ ಒಂದು ಸೈಟು. ಪ್ರೀಆಂಪಿನ ಪವರ್ ಸಪ್ಲೈಯನ್ನೂ ಹೊರಗೆ ಹಾಕಿದ ಮಹನೀಯರಿದ್ದಾರೆ. ಮನೆಯಿಂದ ಮನೆಗೆ ಹಾದಿ ಬೇಡವೇ? ಅದಕ್ಕೆ ಕೇಬಲ್ಲು. ಒಂದು ಮೀಟರಿಗೆ ಇಷ್ಟೊಂದು ಯಾಕೆ ಎಂದು ಕೇಳಿದರೆ ಅಂಗಡಿಯವರು ಕಣ್ಣುಮುಚ್ಚಿ, "ತಾಮ್ರ ತುಂಬಾ ಶುದ್ಧ ಸಾರ್" ಎನ್ನುತ್ತಾರೆ.

ಈ ಪಾಲಿಗೆ ಒಂದು ಕಾಲದಲ್ಲಿ ನ್ಯಾಯವಾದ ಕಾರಣವೇ ಇತ್ತು. 1950ರ ದಶಕದ ವಾಲ್ವ್ ಆಂಪ್ಲಿಫೈಯರುಗಳು ತೂಕದಲ್ಲೂ ಬಿಸಿಯಲ್ಲೂ ಅಸಾಧ್ಯದವು. ರೆಕಾರ್ಡ್ ಪ್ಲೇಯರಿನ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ ಕೊಡುವ ಸಿಗ್ನಲ್ಲು ಸುಮಾರು 5 ಮಿಲಿವೋಲ್ಟ್. ಮೂವಿಂಗ್ ಕಾಯಿಲ್ ಆದರೆ ಅದರ ಹತ್ತನೇ ಒಂದು ಪಾಲು. ಇಷ್ಟು ಬಡಪಾಯಿ ಸಿಗ್ನಲ್ಲಿನ ಪಕ್ಕದಲ್ಲೇ ದಪ್ಪ ಟ್ರಾನ್ಸ್‌ಫಾರ್ಮರ್ ಕೂತರೆ ಹಾಡಿನ ಜೊತೆಗೆ ಅದರ ಗುಂಯ್‌ಗುಡುವಿಕೆಯೂ ಸಾವಿರಪಟ್ಟು ದೊಡ್ಡದಾಗಿ ಹೊರಬೀಳುತ್ತಿತ್ತು. ದೂರ ಇಟ್ಟರು, ಸರಿಯಾಗಿಯೇ ಮಾಡಿದರು. 1982ರಲ್ಲಿ ಬಂದ ಸಿ.ಡಿ. ಪ್ಲೇಯರ್ 2 ವೋಲ್ಟ್ ತಂದಿಟ್ಟಿತು. ಇವತ್ತು ಬಹುಮಂದಿ ಕೇಳುವುದು ಫೋನಿನಿಂದ ಹರಿಸಿದ ಹಾಡು. ಕಾರಣ ಸತ್ತು ಎಷ್ಟೋ ಕಾಲವಾಯಿತು, ತಿಥಿ ಮಾತ್ರ ವರ್ಷಾವರ್ಷ ಹೊಸ ಮಾಡೆಲ್ಲಿನಲ್ಲಿ ನಡೆಯುತ್ತಿದೆ.

ಇನ್ನು ವಾಟ್ ಎಂಬ ಮಾಯೆ. ಸಾಧಾರಣ ಸ್ಪೀಕರಿಗೆ ಒಂದೇ ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 87 ಡೆಸಿಬೆಲ್‌ನಷ್ಟು ಸದ್ದು ಮಾಡುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಾಕಿರುವ ಮಿತಿ ಹಗಲಿಗೆ 55, ರಾತ್ರಿಗೆ 45 ಡೆಸಿಬೆಲ್. ಆದರೂ ನಮ್ಮ ರಸಿಕರು 100 ವಾಟಿನ ಪೆಟ್ಟಿಗೆ ಮಾರಿ 200 ವಾಟಿನದನ್ನು ತರುತ್ತಾರೆ. ಶಕ್ತಿ ಎರಡರಷ್ಟಾದರೆ ಸದ್ದು ಏರುವುದು ಬರೇ 3 ಡೆಸಿಬೆಲ್. ಕಿವಿಗೆ ಎರಡರಷ್ಟು ಅನ್ನಿಸಬೇಕಾದರೆ ವಾಟು ಸುಮಾರು ಹತ್ತುಪಟ್ಟಾಗಬೇಕು. ಅಷ್ಟಾದ ದಿನ ಅದನ್ನು ಕೇಳಲು ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿನ ಕಾರ್ಯದರ್ಶಿಗಳು ಖುದ್ದಾಗಿ ಬರುತ್ತಾರೆ.

ತಬಲೆಯ ಹೊಡೆತಕ್ಕೆ ಕ್ಷಣಮಾತ್ರ ಹೆಚ್ಚಿನ ಶಕ್ತಿ ಬೇಕೆನ್ನುವುದು ನಿಜ. ಹಜಾರ ದೊಡ್ಡದಿದ್ದರೆ, ಸ್ಪೀಕರಿನ ವಿದ್ಯುತ್ ತಡೆ, ಅಂದರೆ ಇಂಪೀಡೆನ್ಸ್, 2 ಓಮ್‌ಗೆ ಇಳಿಯುವಂಥದ್ದಾದರೆ ದೊಡ್ಡ ಪವರ್ ಆಂಪ್ ಇಟ್ಟವರನ್ನು ನೋಡಿ ನಾನು ನಗುವುದಿಲ್ಲ. ಹನ್ನೆರಡಡಿ ಹಾಲಿನಲ್ಲಿ, ಸೋಫಾಕ್ಕೂ ಶೂ ರ‍್ಯಾಕಿಗೂ ನಡುವೆ ನಾಲ್ಕು ಪೆಟ್ಟಿಗೆ ತುರುಕಿದವರ ಮಾತು ನನ್ನದು.

ಅವರು ಕೇಳುವುದೇನು ಗೊತ್ತೇ? ಅಭಿರುಚಿ ಉತ್ತಮ, ಅದಕ್ಕೆ ಮೋಸವಿಲ್ಲ. ಗಂಗೂಬಾಯಿ ಹಾನಗಲ್ ಅವರು 1930ರ ದಶಕದಲ್ಲಿ ಎಚ್‌ಎಂವಿಗೆ ಹಾಡಿದ ಪ್ಲೇಟು. ಮೂರು ಚಿಲ್ಲರೆ ನಿಮಿಷ; ಅಪ್ಪಟ ಮೋನೊ. ಲಕ್ಷಗಟ್ಟಲೆ ಸುರಿದು ಬೇರೆ ಮಾಡಿದ ಎಡದವನೂ ಬಲದವನೂ ತಂತಮ್ಮ ಮನೆಯಲ್ಲಿ ಕೂತು ಒಂದಕ್ಷರ ವ್ಯತ್ಯಾಸವಿಲ್ಲದೆ ಒಂದೇ ಪಾಠ ಒಪ್ಪಿಸುತ್ತಾರೆ. ರಸಿಕರು ಮಾತ್ರ ಕಣ್ಣರಳಿಸಿ, "ಸೌಂಡ್ ಸ್ಟೇಜ್ ನೋಡಿ, ಎಷ್ಟು ಅಗಲ!" ಎನ್ನುತ್ತಾರೆ.

ಈ ಅಗಲವನ್ನು ಅಳೆಯಲು ಅಮೆರಿಕದ ಆಡಿಯೊ ತಜ್ಞ ರಿಚರ್ಡ್ ಕ್ಲಾರ್ಕ್ 10,000 ಡಾಲರ್ ಪಣ ಒಡ್ಡಿದ್ದರು. ಎರಡು ಆಂಪ್ಲಿಫೈಯರುಗಳ ಸದ್ದನ್ನು ಸಮ ಮಾಡಿ, ಯಾವುದನ್ನೂ ಅದರ ಮಿತಿ ಮೀರಿ ದುಡಿಸದೆ, ಯಾವುದು ಹಾಡುತ್ತಿದೆ ಎಂದು ತೋರಿಸದೆ ಕೇಳಿಸಿದಾಗ ಗುರುತಿಸಬೇಕು. ಹಣ ಗೆದ್ದವರಿಲ್ಲ. ಇದನ್ನು ನಮ್ಮ ರಸಿಕರೊಬ್ಬರಿಗೆ ಹೇಳಿದೆ. "ಅವರ ಕೇಬಲ್ ಸರಿಯಿರಲಿಲ್ಲ" ಎಂದರು.

ಒಂದೇ ಪೆಟ್ಟಿಗೆ ಸಾಕೆನ್ನುವುದಕ್ಕೆ ಸಾಕ್ಷಿಯೂ ಇದೆ. 1978ರಲ್ಲಿ ಬಂದ ಎನ್‌ಎಡಿ 3020 ಎಂಬ ಅಗ್ಗದ ಇಂಟಿಗ್ರೇಟೆಡ್ಡಿನ ಮೇಲೆ ಬರೆದಿದ್ದ ಶಕ್ತಿ ಚಾನೆಲ್ಲಿಗೆ 20 ವಾಟ್. ಅದು ಜಗತ್ತಿನಾದ್ಯಂತ ಹೇರಳವಾಗಿ ಖರ್ಚಾಯಿತು. ಅದರ ಬೆನ್ನಿನಲ್ಲಿ ಪುಟ್ಟ ಲೋಹದ ಕೊಂಡಿಗಳಿದ್ದವು. ಕಿತ್ತರೆ ಪ್ರೀ ಬೇರೆ, ಪವರ್ ಬೇರೆ. ಪಾಲು ಬೇಕೆಂದವರಿಗೆ ಅದೂ ಆಗುತ್ತಿತ್ತು, ದುಡ್ಡು ಕೊಡದೆ. ಅಂಗಡಿಗೆ ಹೊರಟಿದ್ದೀರಾದರೆ ಪ್ರೀಆಂಪಿನ ಸಿಗ್ನಲ್ ಹೊರಗೆ ಕೊಡುವ ಪ್ರೀ-ಔಟ್ ಇರುವ ಒಂದು ಇಂಟಿಗ್ರೇಟೆಡ್ ತನ್ನಿ. ಉಳಿದ ಹಣವನ್ನು ಸ್ಪೀಕರಿಗೂ ಕಿಟಕಿಯ ದಪ್ಪ ಪರದೆಗೂ ಹಾಕಿ. ಕಿವಿಗೆ ಕೇಳುವ ವ್ಯತ್ಯಾಸ ಅಲ್ಲಿದೆ.